ಓರೆಯಾಗಿ ತೋಡಿದ ಕುಣಿ

ಇಲ್ಲ, ಆತನ ಟೊಪ್ಪಿಗೆ ಬಿಳಿಯದೇ ಇರಬೇಕು. ಕಪ್ಪಗಿತ್ತೆಂದು ಹೇಳುವ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬೆಟಗೇರಿಯ ನನ್ನ ಟೈಪಿಂಗ್ ಅಂಗಡಿಗೆ ಹಿರೇವಡ್ಡಟ್ಟಿಯಿಂದ ಬರುತ್ತಿದ್ದ ಆತ ಒಂದು ಸಂಘದ ಅಧ್ಯಕ್ಷ. ತಮ್ಮವರು ಕಪ್ಪತಗುಡ್ಡದ ಮೂಲ ಬುಡಕಟ್ಟು ಎಂಬುದು ಸರಕಾರಕ್ಕೆ ಸಂಘದ ಅರ್ಜಿ. ಗುಡ್ಡದ ಮಗ್ಗುಲಿನ ಊರವರು ಅದನ್ನು ಒಪ್ಪುತ್ತಿರಲಿಲ್ಲ. ಪುರಾವೆ ಕೇಳಿದರೆ ಆತ ಟೊಪ್ಪಿಗೆ ಒತ್ತಿಕೊಂಡು, “ಎಲ್ಲಾ ಇತ್ರಿ, ಬರದಿಟ್ಟಿದ್ದಿಲ್ಲ ಅಷ್ಟ” ಎನ್ನುತ್ತಿದ್ದ.

ಅರ್ಜಿಯಲ್ಲಿ ಅಂತ್ಯಕ್ರಿಯೆಯ ಪದ್ಧತಿಗೂ ಒಂದು ಕಾಲಂ ಇತ್ತು.

“ನಿಮ್ಮದು ಬ್ಯಾರೆ ಏನರ ಐತೇನ್ರಿ?” ಎಂದು ಕೇಳಿದೆ.

ಆತ ಮತ್ತೆ ಟೊಪ್ಪಿಗೆ ಒತ್ತಿಕೊಂಡು, “ತಲಿ ಗುಡ್ಡದ ಕಡೆ ಇಟ್ಟು ಹುಗೀತೀವ್ರಿ. ನಮ್ಮ ಅಜ್ಜಿ ಹೇಳತಿದ್ಲು” ಎಂದ. ಹಾಗೆಯೇ ಟೈಪ್ ಮಾಡಿದೆ.

ಮರುವರ್ಷ ಆತನ ತಾಯಿ ತೀರಿಕೊಂಡಳು. ನಾನು ಮಣ್ಣಿಗೆ ಹೋದಾಗ ಆತ ಕುಣಿಯನ್ನು ಉಳಿದ ಗೋರಿಗಳ ಸಾಲಿಗೆ ಓರೆಯಾಗಿ, ಗುಡ್ಡದತ್ತ ತೋಡಿಸಿದ್ದ. ಆತನ ಅಣ್ಣನಿಗೆ ಸಿಟ್ಟು ಬಂತು.

“ಲೇ ಅಧ್ಯಕ್ಷಾ, ಅಪ್ಪನ್ನ ಎಲ್ಲಾರಂಗ ದಕ್ಷಿಣಕ್ಕ ತಲಿ ಮಾಡಿ ಹುಗದೀವಿ. ಅರ್ಜಿ ಸಲುವಾಗಿ ಅವ್ವನ್ನ ತಿರಗಸ್ತಿಯೇನು?”

“ಅಪ್ಪಂದು ನಾವು ತಪ್ಪು ಮಾಡಿದ್ವಿ, ಅಣ್ಣಾ.”

ಅಣ್ಣ ಹಿಡಿ ಮಣ್ಣೂ ಹಾಕದೆ ಹೊರಟ. ಬಂಧುಗಳು ಅವನ ಹಿಂದೆಯೇ ನಡೆದರು. ಹೆಣ ಇಳಿಸಲು ಕುಣಿ ತೋಡಿದವನೂ ನಾನೂ ಕೈಜೋಡಿಸಿದೆವು. ಆತ ಕೆಳಗಿಳಿದು, ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿಕೊಂಡ. ಆಮೇಲೆ ನನ್ನ ಅಂಗಡಿಗೆ ಆತ ಬರಲಿಲ್ಲ.

ಅಜ್ಜಿ ಖರೇ ಹಾಗೆ ಹೇಳಿದ್ದಳೋ, ನಾನು ಕೇಳಿದ್ದರಿಂದ ಆ ಮಾತು ಹುಟ್ಟಿತೋ, ನನಗೆ ಗೊತ್ತಿಲ್ಲ. ಆತನಿಗೆ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ.