ಬೋರಗಾಂವದಿಂದ ತಂದ ಮಿದುಳು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ, ಅಲ್ಝೈಮರ್ ರೋಗಿಗಳ ಮಿದುಳಿನ ಜೀನ್‌ಗಳನ್ನು ಅಭ್ಯಾಸ ಮಾಡುವ ತಂಡದ ಮುಖ್ಯಸ್ಥನಾಗಿದ್ದೆ. ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದನ್ನು ಆರ್‌ಎನ್‌ಎ ಎಂಬ ಅಣು ಹೇಳುತ್ತದೆ. ಅದು ಬಲು ನಾಜೂಕು. ಸಾವಿನ ನಂತರ ತಡಮಾಡದೆ ಮಿದುಳನ್ನು ತೆಗೆದು ಡೀಪ್ ಫ್ರೀಜರ್‌ನಲ್ಲಿ ಇಡದಿದ್ದರೆ ಕೆಡುತ್ತದೆ. ಹೀಗಾಗಿ ನಮ್ಮದು ಸಾವಿಗೆ ಕಾಯುವ ಕೆಲಸ.

ಭೂಪಾಲಪ್ಪ ಬೋರಗಾಂವದಲ್ಲಿ ಪವರ್‌ಲೂಮ್ ನಡೆಸಿದ ಜೈನ ಹಿರಿಯರು. ಮರೆವು ಶುರುವಾಗಿ ಐದು ವರ್ಷವಾಗಿತ್ತು. ಹೆಂಡತಿ ಪದ್ಮವ್ವನನ್ನೇ ಯಾರ ಮನೆಯವಳೆಂದು ಕೇಳುತ್ತಿದ್ದರು. ಸಾವಿನ ನಂತರ ಅವರ ಮಿದುಳನ್ನು ನಮಗೆ ಕೊಡುವ ಒಪ್ಪಿಗೆಪತ್ರಕ್ಕೆ ಸಹಿ ಕೇಳಿದಾಗ ಆಕೆ ಹಿಂಜರಿದರು. "ನಿಮ್ಮನ್ನ ಯಾಕ ಮರತರು ಅನ್ನೋದು ಇದರಾಗ ಗೊತ್ತಾಗತೈತ್ರಿ" ಎಂದೆ. ಹಾಗೆ ಹೇಳುವ ಹಕ್ಕು ನನಗಿರಲಿಲ್ಲ. ಆಕೆ ಸಹಿ ಮಾಡಿದರು.

ಮುಂದೆ ದಿನಾ ಫೋನ್ ಮಾಡುತ್ತಿದ್ದೆ. ನೆಂಟರೂ ಇಷ್ಟು ವಿಚಾರಿಸುವುದಿಲ್ಲವೆಂದು ಆಕೆಗೆ ಸಂತೋಷ. ನಾನು ಕೇಳುತ್ತಿದ್ದುದು ಗಂಡನ ಕ್ಷೇಮವನ್ನಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂಬತ್ತು ದಿನ ನ್ಯುಮೋನಿಯಾದಲ್ಲಿ ನರಳಿ ಭೂಪಾಲಪ್ಪ ಒಂದು ಬೆಳಿಗ್ಗೆ ತೀರಿಕೊಂಡರು. ಹೆಣದಲ್ಲಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ, ಅವುಗಳಿಗೆ ಹಿಂಸೆಯಾಗಬಾರದು ಎಂದು ಜೈನರು ಹೆಚ್ಚು ಹೊತ್ತು ಇಡುವುದಿಲ್ಲ. ಕೂಡಲೇ ದಹನವಾಗಬೇಕೆಂದು ಭೂಪಾಲಪ್ಪನವರ ಅಣ್ಣ ಪಟ್ಟು ಹಿಡಿದರು. ಆ ಭಾವನ ಎದುರು ಎಂದೂ ದನಿ ಎತ್ತದ ಪದ್ಮವ್ವ ಅಂದು ಬಾಗಿಲಲ್ಲಿ ನಿಂತು, "ಪಾಪ ಬಂದ್ರ ನನಗ ಬರ್ಲಿ. ಕಳಸ್ರಿ" ಎಂದರು. ದೇಹ ಬೆಳಗಾವಿಗೆ ಬಂದು, ಹೊತ್ತು ಮುಳುಗುವ ಮೊದಲು ಊರಿಗೆ ಮರಳಿತು. ಭಾವ ಆಕೆಯೊಂದಿಗೆ ಮಾತು ಬಿಟ್ಟರು.

ಆರ್‌ಎನ್‌ಎ ಎಷ್ಟು ಗಟ್ಟಿ ಉಳಿದಿದೆ ಎಂಬುದಕ್ಕೆ ಹತ್ತರವರೆಗಿನ ಅಳತೆಯಿದೆ. ನಮಗೆ ಬಂದದ್ದು ಎರಡು. ನಾವು ಬೇಗ ತಂದದ್ದು ನಿಜ, ಆದರೆ ಜ್ವರ ಮತ್ತು ಉಸಿರಾಟದ ಕಷ್ಟ ಜೀವವಿರುವಾಗಲೇ ಅದನ್ನು ಕೆಡಿಸಿದ್ದವು. ಜ್ವರ ಇಳಿಯದಿದ್ದಾಗಲೇ ನನಗೆ ಈ ಸಂಶಯವಿತ್ತು. ಬಾಯಿ ಬಿಟ್ಟಿರಲಿಲ್ಲ.

ಏನೂ ತಿಳಿಯಲಿಲ್ಲವೆಂದು ಹೇಳಲು ನಾನೇ ಬೋರಗಾಂವಕ್ಕೆ ಹೋದೆ. ಪದ್ಮವ್ವ ಅಳಲಿಲ್ಲ.

"ಹಂಗಾದ್ರ ತಿರುಗಿ ಕೊಡ್ರಿ ಸಾಹೇಬ್ರ. ಅವರ ಜೋಡಿ ಸುಡಬೇಕಾಗಿತ್ತದು."

ಪರೀಕ್ಷೆಗೆ ಅರೆದ ಭಾಗ ಉಳಿದಿರಲಿಲ್ಲ. ಉಳಿದದ್ದನ್ನು ಮರಳಿಸಲು ನಿಯಮವಿರಲಿಲ್ಲ. ಅದನ್ನೂ ನಾನೇ ಹೇಳಬೇಕಾಯಿತು.

ಆಮೇಲೆ ನಿವೃತ್ತಿಯವರೆಗೂ, ಸಹಿಗೆ ಮೊದಲೇ ಪ್ರತಿ ಮನೆಯಲ್ಲೂ ಹೇಳುತ್ತಿದ್ದೆ: ಏನೂ ಗೊತ್ತಾಗದೆ ಹೋಗಬಹುದು, ಕೊಟ್ಟದ್ದು ಮರಳಿ ಬರುವುದಿಲ್ಲ. ಎಷ್ಟೋ ಜನ ಎದ್ದು ಹೋದರು. ಯಾರನ್ನೂ ತಡೆಯಲಿಲ್ಲ.