ಬಾಗಿಲು ಮಾತ್ರ ಅಕ್ಕನದು

ಅವಳಿಗೆ ಅಳತೆ ಅಕ್ಕ ಎಂದು ಹೆಸರಿಟ್ಟವರು ಅನಿಮೇಷನ್ ಗುಂಪಿನವರು. ಇಪ್ಪತ್ತೆರಡು ವರ್ಷ ಒಬ್ಬ ಎಂಜಿನಿಯರನ ಕಚೇರಿಯಲ್ಲಿ ಕೂತು ಮನೆಗಳ ನಕ್ಷೆ ಬರೆದವಳು. ಅವಳು ಗೆರೆ ಎಳೆದ ಇನ್ನೂರು ಮನೆಗಳಲ್ಲಿ ಜನ ಸಂಸಾರ ಮಾಡುತ್ತಿದ್ದರು. ಒಂದು ನಕ್ಷೆಯ ಮೂಲೆಯಲ್ಲೂ ಅವಳ ಹೆಸರಿರಲಿಲ್ಲ. ರುಜು ಎಂಜಿನಿಯರನದು. ಹಾಗಾಗಿ, ಇಪ್ಪತ್ತಾರು ಜನ ತಂತಮ್ಮ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಒಂದು ನಗರ ಕಟ್ಟಿ ಚಿತ್ರ ಮಾಡುತ್ತಾರೆ, ಸಂಬಳವಿಲ್ಲ, ಆದರೆ ಕೊನೆಯಲ್ಲಿ ಕಟ್ಟಿದವರ ಹೆಸರು ತೆರೆಯ ಮೇಲೆ ಬರುತ್ತದೆ ಎಂದು ಕೇಳಿದ್ದೇ ತಡ, ಸೇರಿಕೊಂಡಳು.

ಯಾರು ಏನು ಕಟ್ಟಬೇಕೆಂದು ಮೊದಲ ಸಭೆ ನಡೆಯಿತು. ಅರಮನೆ ನನಗಿರಲಿ ಎಂದು ಏಳು ಜನ ಜಗಳಕ್ಕೆ ನಿಂತರು. ಮಿಕ್ಕವರಿಗೆಲ್ಲ ಮೋಡ ಮುಟ್ಟುವ ಕಟ್ಟಡವೇ ಬೇಕು.

"ಅಲ್ಲಪ್ಪಾ, ಈ ಊರಲ್ಲಿ ಜನ ಎಲ್ಲಿರ್ತಾರೆ?" ಎಂದಳು ಅಕ್ಕ.

"ಅದು ನಿಮಗೇ ಬಿಟ್ಟಿದ್ದು ಅಕ್ಕಾ" ಎಂದ ನಿರ್ದೇಶಕ, ಭಾರೀ ಉಪಕಾರ ಮಾಡಿದವನ ಹಾಗೆ. ಹನ್ನೊಂದು ಸಣ್ಣ ಮನೆಗಳ ಒಂದು ಬೀದಿ ಅವಳ ಕೊರಳಿಗೆ ಬಿತ್ತು.

ಅವಳು ಟೇಪು ಹಿಡಿದು ಸ್ವಂತ ಮನೆಯ ಹೊಸ್ತಿಲು, ಮೆಟ್ಟಿಲು, ಚಿಲಕದ ಎತ್ತರ ಅಳೆದಳು. ಗಂಡನನ್ನು ಬಾಗಿಲ ಚೌಕಟ್ಟಿನಲ್ಲಿ ನಿಲ್ಲಿಸಿದಳು.

"ಏನೇ, ನನ್ನನ್ನ ಪೆಟ್ಟಿಗೇಲಿ ಇಟ್ಟು ಕಳಿಸೋ ಅಂದಾಜಾ?"

"ಸುಮ್ನೆ ನಿಂತ್ಕೊಳ್ರೀ. ಬಾಗಿಲು ಅಂದ್ಮೇಲೆ ಮನುಷ್ಯ ಹಿಡಿಸಬೇಕು."

ಬಾಗಿಲಿಗೆ ಕೀಲು ಕೂರಿಸಿದ್ದನ್ನು ಕಂಡು ಗುಂಪು ನಕ್ಕಿತು. "ಕೀಲು ಯಾರು ನೋಡ್ತಾರೆ ಅಕ್ಕಾ?" ಎಂದ, ಜಗಳದಲ್ಲಿ ಗೆದ್ದು ಅರಮನೆ ಪಡೆದಿದ್ದ ಮಹಾಶಯ.

ಆರು ತಿಂಗಳ ಮೇಲೆ ಎಲ್ಲರ ಕಟ್ಟಡಗಳನ್ನೂ ಒಂದೆಡೆ ಕೂಡಿಸಿ ಕಥಾನಾಯಕನನ್ನು ನಡೆಸಿದರು. ಅರಮನೆಯ ಬಾಗಿಲು ಅವನ ಮೊಣಕಾಲಿಗೆ ಬಂತು. ಬ್ಯಾಂಕಿಗೆ ಬಾಗಿಲಿನ ಚಿತ್ರ ಅಂಟಿಸಿದ್ದರು. ಬಡಪಾಯಿ ಮೂಗು ಜಜ್ಜಿಸಿಕೊಂಡ. ಜೈಲು ಕಟ್ಟಿದವನಂತೂ ಬಾಗಿಲನ್ನೇ ಮರೆತಿದ್ದ. ಇಡೀ ನಗರದಲ್ಲಿ ನಾಯಕ ತಲೆಯೆತ್ತಿಕೊಂಡು ಒಳಹೊಕ್ಕದ್ದು ಅಕ್ಕನ ಮನೆಗಳಿಗೆ ಮಾತ್ರ.

ನಿರ್ದೇಶಕ ಹಿಂದೆಮುಂದೆ ನೋಡದೆ ಅವಳ ಬಾಗಿಲಿನ ಫೈಲನ್ನು ಎಲ್ಲ ಕಟ್ಟಡಗಳಿಗೂ ಜೋಡಿಸಿದ. ಆ ಒಂದು ಫೈಲನ್ನು ತಿದ್ದಿದರೆ ಊರಿನ ಬಾಗಿಲುಗಳೆಲ್ಲ ತಾವೇ ಬದಲಾಗುವಂಥ ಜೋಡಣೆ ಅದು. ಕೆಲಸ ಸಲೀಸಾಯಿತು.

ಹೆಸರುಗಳ ಪಟ್ಟಿ ಬಂತು. 'ನಗರ ನಿರ್ಮಾಣ'ದ ಕೆಳಗೆ ನಾಯಕನ ಮೂಗು ಜಜ್ಜಿಸಿದವನೂ ಇದ್ದ, ಬಾಗಿಲು ಮರೆತವನೂ ಇದ್ದ. ಅಕ್ಕ ಇದ್ದದ್ದು 'ಇತರ ಸಹಕಾರ'ದಲ್ಲಿ, ಎರಡು ದಿನಕ್ಕೆ ಹೆಡ್‌ಫೋನ್ ಎರವಲು ಕೊಟ್ಟವನ ಕೆಳಗೆ.

ಅವಳು ಫೋನ್ ಮಾಡಿದಳು.

"ಚಿತ್ರ ಉದ್ದ ಆಯ್ತಕ್ಕಾ, ನಿಮ್ಮ ಬೀದೀನ ತೆಗೆದ್ವಿ. ಈಗ ಬಾಗಿಲು ಮಾತ್ರ ನಿಮ್ದು. ಬಾಗಿಲು ಅಂದ್ರೆ ಕಟ್ಟಡ ಆಗಲ್ವಲ್ಲ" ಎಂದ ನಿರ್ದೇಶಕ.

ಅವಳು ಜಗಳವಾಡಲಿಲ್ಲ. ಬಾಗಿಲಿನ ಫೈಲು ತೆರೆದು, ಕಣ್ಣಿನ ಮಟ್ಟಕ್ಕೆ ಎರಡು ಗೇಣಿನ ಫಲಕ ಜಡಿದು, ತನ್ನ ಪೂರ್ತಿ ಹೆಸರು ಕೆತ್ತಿದಳು. ನಾಲ್ಕು ಮೂಲೆಗೆ ನಾಲ್ಕು ಮೊಳೆಯನ್ನೂ ಹಾಕಿದಳು.

ಮರುದಿನ ಅರಮನೆ, ಬ್ಯಾಂಕು, ಜೈಲು ಎಲ್ಲವೂ ಅವಳ ಹೆಸರಿನಲ್ಲಿದ್ದವು. ಸಭೆ ಸೇರಿತು.

"ಏನಕ್ಕಾ ಇದು? ಅರಮನೆ ನಿಮ್ದಾ?" ಎಂದು ಕಿರುಚಿದ ಮಹಾಶಯ.

"ಅರಮನೆ ಯಾರಿಗೆ ಬೇಕಪ್ಪಾ? ಬಾಗಿಲು ನಂದು, ಬಾಗಿಲ ಮೇಲೆ ಹಾಕಿದೀನಿ. ಬೇಡ ಅಂದ್ರೆ ನಿಮ್ಮ ಹಳೇ ಬಾಗಿಲೇ ಹಾಕ್ಕೊಳ್ಳಿ, ನಾಯಕನ್ನ ತೆವಳಿಸ್ಕೊಂಡು ಒಳಗೆ ಕರ್ಕೊಳ್ಳಿ."

ಸಂಜೆಯೊಳಗೆ ಅವಳ ಹೆಸರು 'ನಗರ ನಿರ್ಮಾಣ'ಕ್ಕೆ ಬಡ್ತಿ ಪಡೆಯಿತು. ಅವಳೂ ತಡಮಾಡದೆ ಫಲಕ ಕಿತ್ತಳು. ಆದರೆ ಜೈಲಿನ ದೃಶ್ಯ ಅಷ್ಟರಲ್ಲಿ ಫಲಕದ ಸಮೇತ ತಯಾರಾಗಿಬಿಟ್ಟಿತ್ತು. ಮತ್ತೆ ಮಾಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಚಿತ್ರ ನೋಡುತ್ತಾ ಗಂಡ ಕುರ್ಚಿಯ ತುದಿಗೆ ಬಂದ. "ಜೈಲಿನ ಮೇಲೆ ನಿನ್ನ ಹೆಸರಾ? ಒಳಗಿರೋನು ಯಾರು, ನಾನಾ?"

"ಬಾಯ್ಮುಚ್ಚಿ ನೋಡ್ರೀ" ಎಂದಳು ಅಕ್ಕ. "ಕೊನೇಲಿ ಹೆಸರು ಇನ್ನೊಂದು ಸಲ ಬರುತ್ತೆ."