ಬಾಣಂತಿ ಕೋಣೆಯ ನೊಣಗಳು

ಹೆರಿಗೆಗೆ ತವರಿಗೆ ಬಂದವಳಿಗೆ ಬಾಣಂತನ ಮಾಡುವುದು ಅಮ್ಮ ಒಬ್ಬಳೇ ಎಂದು ತಿಳಿದಿದ್ದೆ. ನಮ್ಮಲ್ಲಿ ಅದಕ್ಕೆ ಊರೇ ಟೊಂಕ ಕಟ್ಟಿ ನಿಲ್ಲುತ್ತದೆ. ನೋಡಲು ಬಂದವರೆಲ್ಲ ಮಗುವಿನ ಮೂಗು ಯಾರದ್ದೆಂದು ತೀರ್ಮಾನಿಸಿ, ಆಮೇಲೆ ಕೋಣೆಯ ನೊಣಗಳತ್ತ ತಿರುಗುತ್ತಿದ್ದರು.

ನೊಣಗಳಿಗೇನೂ ಕೊರತೆ ಇರಲಿಲ್ಲ. ಹಾಲು ಕುಡಿದು ಮಲಗಿದ ಮಗಳ ತುಟಿಯ ಮೇಲೆ, ಕಣ್ಣಿನ ಅಂಚಿನಲ್ಲಿ ಬಂದು ಕೂರುತ್ತಿದ್ದವು. ಆಗಲೇ ಒಮ್ಮೆ ಕಣ್ಣು ಪಿಸುರು ಕಟ್ಟಿ ಅಂಟಿಕೊಂಡಿತ್ತು. ನನಗೆ ಜೀವವೇ ಹೋದಂತಾಗಿತ್ತು. ಸೊಳ್ಳೆಪರದೆ ಹೊದಿಸಿದರೆ ಒಂದೆರಡು ನೊಣ ಒಳಗೇ ಸಿಕ್ಕಿಕೊಂಡು ಹಾಯಾಗಿ ಓಡಾಡುತ್ತಿದ್ದವು. ಹಸುಗೂಸು ಇರುವ ಕಡೆ ಔಷಧಿ ಹೊಡೆಯುವಂತಿಲ್ಲ. ಹಾಗಾಗಿ ಎಲ್ಲವೂ ಮನೆಮದ್ದು.

ದಂಡಿನಶಿವರದ ಚಿಕ್ಕಮ್ಮ ಮೊಬೈಲ್ ನೋಡಿಕೊಂಡು ನಿಂಬೆಹೋಳಿಗೆ ಲವಂಗ ಚುಚ್ಚಿಟ್ಟಳು. ನೊಣಗಳು ಲವಂಗದ ತಲೆಯ ಮೇಲೇ ಕೂತು ಕೈ ಉಜ್ಜಿಕೊಂಡವು. ಪಕ್ಕದ ಮನೆಯಾಕೆ ನೀರು ತುಂಬಿದ ಪ್ಲಾಸ್ಟಿಕ್ ಕವರನ್ನು ಬಾಗಿಲಿಗೆ ನೇತುಹಾಕಿದಳು. ನೊಣ ಅದರಲ್ಲಿ ತನ್ನ ಮುಖ ನೋಡಿಕೊಂಡು ಹೆದರುತ್ತದಂತೆ. ನಮ್ಮೂರ ನೊಣಗಳಿಗೆ ತಮ್ಮ ಮುಖದ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇತ್ತು. ಅಮ್ಮ ಕಿಟಕಿಯಲ್ಲಿ ತುಳಸಿ ಕುಂಡ ಇಟ್ಟಳು, ಕರ್ಪೂರ ಹಚ್ಚಿದಳು, ಕೊನೆಗೆ ತೆಂಗಿನ ನಾರಿಗೆ ಕೆಂಡ ಹಾಕಿ, ಮೇಲೆ ಬೇವಿನ ಸೊಪ್ಪು ಸುರಿದು ಹೊಗೆ ಎಬ್ಬಿಸಿದಳು. ಕೆಮ್ಮುತ್ತಾ ಎಲ್ಲರೂ ಹೊರಬಂದೆವು. ಹೊಗೆ ಇಳಿದ ಮೇಲೆ ನಮಗಿಂತ ಮೊದಲು ನೊಣಗಳು ಒಳಗೆ ಹೋದವು.

ಆ ಕೋಣೆಯ ಕಿಟಕಿ ತೆಗೆದರೆ ಎದುರಿಗೇ ತಿಪ್ಪೆ. ಕೊಟ್ಟಿಗೆಯ ಸಗಣಿ, ಕೊಳೆತ ಕಾಯಿ, ಎಲ್ಲ ಅಲ್ಲಿಗೇ. ಬಂದವರಿಗೆಲ್ಲ ಅದು ಕಾಣುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಅದು ಅಪ್ಪನ ತಿಪ್ಪೆ. ದೀಪಾವಳಿಯಲ್ಲಿ ದೇವರ ಮುಂದೆ ದೀಪ ಹಚ್ಚಿದ ಕೈಯಲ್ಲೇ ತಿಪ್ಪೆಗೂ ದೀಪ ಇಡುವ ಮನೆ ನಮ್ಮದು. ನನಗೆ ಬೇರೆ ಕೋಣೆ ಕೊಡೋಣವೆಂದರೆ ಅದರ ತುಂಬ ಒಣಗಲು ಬಿಟ್ಟ ಕೊಬ್ಬರಿ. ನಮ್ಮ ಕಡೆ ಕೊಬ್ಬರಿಯನ್ನು ಎಬ್ಬಿಸುವುದಕ್ಕಿಂತ ಬಾಣಂತಿಯನ್ನು ಎಬ್ಬಿಸುವುದು ಸುಲಭ.

ಬಾಯಿ ಬಿಟ್ಟವಳು ನಾನೊಬ್ಬಳೇ.

"ನಮ್ಮಪ್ಪನ್ ಕಾಲ್ದಿಂದ ಅಲ್ಲೇ ಐತೆ ಕಣಮ್ಮ," ಎಂದ ಅಪ್ಪ. "ನೀನೂ ಅದೇ ಕೋಣೇಲಿ ಬೆಳ್ದೋಳು, ನಿಂಗೇನಾಯ್ತು? ಯುಗಾದಿ ಕಳೀಲಿ ಬುಡು, ಗೊಬ್ಬರಾನ ತೋಟಕ್ಕೆ ಹೊಡ್ಸಾನ."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಸ್ನಾನಕ್ಕೆ ಹೋಗುವಾಗ ಮಗುವನ್ನು ಆ ಕೋಣೆಯಲ್ಲೇ ಅಪ್ಪನ ಮುಂದೆ ಮಲಗಿಸಿ, "ನಾನ್ ಬರೋಗಂಟ ಒಂದ್ ನೊಣಾನೂ ಕೂರ್ದಂಗೆ ನೋಡ್ಕಳಪ್ಪ," ಎಂದೆ. ಬಾಣಂತಿಯ ಸ್ನಾನ ಬೇಗ ಮುಗಿಯುವುದಲ್ಲ. ಅಂದು ನಾನು ಇನ್ನಷ್ಟು ನಿಧಾನ ಮಾಡಿದೆ.

ಬಂದು ನೋಡಿದರೆ ಅಪ್ಪ ಬೆವೆತುಹೋಗಿದ್ದ. ಹೆಗಲ ಟವೆಲ್ ಬೀಸಿ ಬೀಸಿ ತೋಳು ಸೋತಿತ್ತು. ತುಟಿಯಿಂದ ಓಡಿಸಿದ ನೊಣ ಕಣ್ಣಿಗೆ, ಕಣ್ಣಿನಿಂದ ಓಡಿಸಿದ್ದು ಮತ್ತೆ ತುಟಿಗೆ. ಕೊನೆಗೆ ಟವೆಲಿನ ತುದಿ ಕೆನ್ನೆಗೆ ತಗುಲಿ ಮಗು ಕಿರುಚಿ ಅಳುತ್ತಿತ್ತು. ಚೆನ್ನಾಗಿ ನಗಬೇಕೆಂದುಕೊಂಡೇ ಬಂದಿದ್ದೆ, ಅಪ್ಪನ ಮುಖ ನೋಡಿ ಆಗಲಿಲ್ಲ.

"ಕಣ್ಣೊಳಕ್ಕೇ ಹೋಗಕ್ ಬತ್ತದಲ್ಲಮ್ಮ," ಎಂದಷ್ಟೇ ಹೇಳಿ ಎದ್ದುಹೋದ.

ಮಧ್ಯಾಹ್ನ ಕಿಟಕಿಯಾಚೆ ಟ್ರ್ಯಾಕ್ಟರ್ ಸದ್ದು. ಯುಗಾದಿ ಇನ್ನೂ ದೂರವಿತ್ತು. ಸಂಜೆಗೆ ತಿಪ್ಪೆ ಇದ್ದ ಜಾಗದಲ್ಲಿ ಸುಣ್ಣ ಚೆಲ್ಲಿದ ಬರಿ ನೆಲ. ಕೇಳಿದವರಿಗೆಲ್ಲ ಅಪ್ಪ, "ತೆಂಗಿಗೆ ಈಗ್ಲೇ ಗೊಬ್ಬರ ಬೇಕಾಗಿತ್ತು ಕಣ್ಲಾ," ಎಂದ.

ಕೆಲವು ದಿನ ಬಿಟ್ಟು ಚಿಕ್ಕಮ್ಮ ಮತ್ತೆ ಬಂದಳು. ಕೋಣೆಯಲ್ಲಿ ನೊಣಗಳಿಲ್ಲದ್ದನ್ನು ನೋಡಿ, ಒಣಗಿ ಕಲ್ಲಾಗಿದ್ದ ನಿಂಬೆಹೋಳನ್ನು ಎತ್ತಿ ಹಿಡಿದು, "ನೋಡ್ದೇನೇ, ನಾನೇಳಿರ್ಲಿಲ್ವಾ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿದ್ದ ಅಪ್ಪ, ನನ್ನ ಕಡೆ ನೋಡದೆ, "ಹೂಂ ಕಣಮ್ಮ, ಲವಂಗಕ್ಕೇ ಹೋದ್ವು," ಎಂದ.

ತಿಪ್ಪೆಗೆ ಕೆಟ್ಟ ಹೆಸರು ಬರುವ ಬದಲು ಲವಂಗಕ್ಕೆ ಒಳ್ಳೆಯ ಹೆಸರು ಬಂದರೂ ಅಪ್ಪನಿಗೆ ಸರಿ. ಮಗಳು ತುಟಿಯಂಚಿನಲ್ಲಿ ಹಾಲು ಉಳಿಸಿಕೊಂಡು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ನಾನೂ ಲವಂಗವೇ ಎಂದು ಒಪ್ಪಿಕೊಂಡೆ.